ಹಾಸ್ಟೆಲ್‌ಗೆ ಹೊರಟ ಮಗುವಿನ ಗಂಟುಮೂಟೆ

ಹಾಸ್ಟೆಲ್‌ನಲ್ಲಿ ಸೀಟು ಖಾತ್ರಿಯಾಯಿತು ಅಂದರೆ ಸಾಕು, ಮನೆಯಲ್ಲಿ ಸಡಗರ ಶುರು. ಅಮ್ಮ ಪಟ್ಟಿ ಬರೆಯುತ್ತಾಳೆ, ಅಪ್ಪ ಅಂಗಡಿ ಸುತ್ತುತ್ತಾನೆ, ಅಜ್ಜಿ ಮಡಚಿ ಮಡಚಿ ತುಂಬುತ್ತಾಳೆ. ಹೋಗಬೇಕಾದ ಮಗು ಮಾತ್ರ ಪಕ್ಕದಲ್ಲಿ ಫೋನ್ ನೋಡುತ್ತಾ ಕೂತಿರುತ್ತದೆ. ನನ್ನ ಮಕ್ಕಳನ್ನು, ಅಕ್ಕತಂಗಿಯರ ಮಕ್ಕಳನ್ನು ಕಳಿಸಿ ಕಳಿಸಿ ನನಗೆ ಮನದಟ್ಟಾದ ಮಾತು ಒಂದೇ: ಪೆಟ್ಟಿಗೆ ತುಂಬುವ ಕೈ ಮಗುವಿನದೇ ಆಗಿರಬೇಕು. ಜ್ವರ ಬಂದ ರಾತ್ರಿ ಮಾತ್ರೆ ಎಲ್ಲಿದೆ ಎಂದು ತಡಕಾಡುವುದು ಅದೇ ಕೈ ತಾನೆ? ನೀವು ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿ ಕೊಡಿ, ಯಾವುದು ಯಾವ ಮೂಲೆಯಲ್ಲಿದೆ ಎಂಬುದು ನಿಮ್ಮ ತಲೆಯಲ್ಲಿರುತ್ತದೆಯೇ ಹೊರತು ಮಗುವಿನ ತಲೆಯಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಕೂತುಕೊಳ್ಳಿ, ನೆನಪಿಸಿ, ಒಂದು ಅಂಗಿ ಮಡಚಿ ತೋರಿಸಿ. ಒಳಗೆ ಇಡುವ ಕೆಲಸ ಅದಕ್ಕೇ ಬಿಡಿ.

ಇನ್ನು ಅಂಗಡಿಗೆ ಹೋಗುವ ಮುಂಚೆ ಹಾಸ್ಟೆಲ್‌ಗೆ ಒಂದು ಫೋನ್ ಮಾಡಿ ವಿಚಾರಿಸಿ. ಹಾಸಿಗೆ ಅವರೇ ಕೊಡುತ್ತಾರೋ, ನಾವೇ ಒಯ್ಯಬೇಕೋ? ಮಂಚದ ಉದ್ದಗಲ ಎಷ್ಟು? ಬೀರುವಿಗೆ ಬೀಗ ಇದೆಯೋ, ನಾವು ತರಬೇಕೋ? ಬಟ್ಟೆ ಒಗೆಯಲು ಯಂತ್ರ ಇದೆಯೋ, ಕೈಯಲ್ಲೇ ಒಗೆಯಬೇಕೋ? ರೂಮು ಯಾವ ಮಹಡಿ, ಲಿಫ್ಟ್ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಯಾವ ಸಾಮಾನಿಗೆ ಒಳಗೆ ಪ್ರವೇಶ ಇಲ್ಲ? ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಇವನ್ನೆಲ್ಲ ಎಷ್ಟೋ ಹಾಸ್ಟೆಲ್‌ಗಳಲ್ಲಿ ಬಿಡುವುದಿಲ್ಲ. ಇದು ವಾರ್ಡನ್‌ಗಳ ಹಟ ಅಂದುಕೊಳ್ಳಬೇಡಿ. 6 ಆಂಪಿಯರ್‌ನ ಪ್ಲಗ್ಗು 230 ವೋಲ್ಟ್‌ನಲ್ಲಿ ತಡೆಯುವುದು 1380 ವಾಟ್ ಅಷ್ಟೆ. ಕಾಯಿಲ್ ಒಂದೇ 1500 ವಾಟ್ ಎಳೆಯಬಹುದು. ಅದೇ ಬೋರ್ಡಿಗೆ ಇಬ್ಬರ ಲ್ಯಾಪ್‌ಟಾಪೂ ಸೇರಿದರೆ ವೈರು ಬಿಸಿಯಾಗಿ ಸುಡುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಕೊಡಿ, ಆದರೆ ಫ್ಯೂಸ್ ಇಲ್ಲವೇ ಟ್ರಿಪ್ ಸ್ವಿಚ್ ಇರುವಂಥದ್ದು ಕೊಡಿ. ಫೋನು, ಲ್ಯಾಪ್‌ಟಾಪು, ಓದುವ ದೀಪ ಬಿಟ್ಟು ಬೇರೇನೂ ಅದಕ್ಕೆ ಸಿಕ್ಕಿಸಬಾರದು ಎಂದು ಬಾಯಿಬಿಟ್ಟು ಹೇಳಿ. ಒಂದು ಬೋರ್ಡಿಗೆ ಇನ್ನೊಂದು ಬೋರ್ಡು ಜೋಡಿಸುವುದಂತೂ ಬೇಡವೇ ಬೇಡ.

ರೂಮ್‌ಮೇಟ್ ಯಾರೆಂದು ಮೊದಲೇ ಗೊತ್ತಾದರೆ ಮಕ್ಕಳೇ ಮಾತಾಡಿಕೊಳ್ಳಲಿ. ಕಸದ ಬುಟ್ಟಿ, ಪೊರಕೆ, ಕಾಲೊರಸು, ಕನ್ನಡಿ ಇಂಥವು ರೂಮಿಗೆ ಒಂದೊಂದು ಸಾಕು. ಮೂವರೂ ಮೂರು ಪೊರಕೆ ತಂದರೆ ಇಡುವುದಕ್ಕೆ ಜಾಗವೆಲ್ಲಿ?

ಬಟ್ಟೆ ಎಷ್ಟು ಎನ್ನುವುದೇ ಎಲ್ಲ ಮನೆಗಳಲ್ಲೂ ದೊಡ್ಡ ಜಗಳ. ವಾರಕ್ಕೆ ಎಷ್ಟು ಸಲ ಒಗೆಯುವುದಕ್ಕಾಗುತ್ತದೆ ಎಂಬುದರ ಮೇಲೆ ಲೆಕ್ಕ ಹಾಕಿ. ವಾರಕ್ಕೊಮ್ಮೆ ಒಗೆಯುವ ಮಗುವಿಗೆ ಎಂಟು-ಹತ್ತು ದಿನಕ್ಕಾಗುವಷ್ಟು ಮೇಲುಬಟ್ಟೆ ಧಾರಾಳವಾಯಿತು. ಒಳಬಟ್ಟೆ, ಕಾಲುಚೀಲ ಮಾತ್ರ ಅದಕ್ಕಿಂತ ಹೆಚ್ಚಿರಲಿ. ಪರೀಕ್ಷೆ ಬಂದಾಗ ಒಗೆಯುವುದನ್ನೇ ಮರೆಯುತ್ತಾರೆ, ಆಗ ಕೊರತೆಯಾಗುವುದು ಅವೇ. ಚಳಿಗಾಲದ ದಪ್ಪ ಬಟ್ಟೆ ಈಗಲೇ ಏಕೆ? ಮೊದಲ ರಜೆಗೆ ಬಂದಾಗ ಒಯ್ದರೆ ಸಾಕು, ಅಲ್ಲಿಯತನಕ ಬೀರುವಿನ ಅರ್ಧ ಜಾಗ ಖಾಲಿ ಉಳಿಯುತ್ತದೆ. ದೂರದೂರಾದರೆ, ಆಗಾಗ ಬರುವುದು ಆಗದಿದ್ದರೆ ಬೇರೆ ಮಾತು.

ಟವಲ್ ಎರಡು, ಎರಡೂ ತೆಳ್ಳಗಿರಲಿ. ದಪ್ಪ ಟವಲ್ ಮುಟ್ಟಲು ಚೆನ್ನ, ಆದರೆ ಗಾಳಿಯಾಡದ ರೂಮಿನಲ್ಲಿ ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಹೊಸ ಟವಲನ್ನು ಮನೆಯಲ್ಲೇ ಒಂದೆರಡು ಸಲ ಒಗೆದು ಕೊಡಿ. ಅಂಗಡಿಯಲ್ಲಿ ಮೆತ್ತಗೆ ಕಾಣಲಿ ಎಂದು ಹಾಕಿರುವ ಲೇಪ ಹೋಗುವ ತನಕ ಅದು ನೀರು ಹೀರುವುದಿಲ್ಲ. ಬಟ್ಟೆ ಮೆತ್ತಗಾಗಿಸುವ ಫ್ಯಾಬ್ರಿಕ್ ಸಾಫ್ಟ್‌ನರ್ ಟವಲ್‌ಗೆ ತಾಗಿಸಬೇಡಿ, ಅದೂ ಹೀರುವ ಗುಣ ಕೆಡಿಸುತ್ತದೆ. ಕಡುಬಣ್ಣದ ಹೊಸ ಬಟ್ಟೆಗಳನ್ನೂ ಒಮ್ಮೆ ನೀರಿಗೆ ಹಾಕಿ ನೋಡಿ. ಬಣ್ಣ ಬಿಡುವುದು ಯಾವುದೆಂದು ಮನೆಯಲ್ಲೇ ಗೊತ್ತಾಗಲಿ.

ಹಾಸುವ ಬೆಡ್‌ಶೀಟ್ ಎರಡು, ದಿಂಬಿನ ಕವರ್ ಮೂರು, ಹೊದೆಯಲು ಒಂದು. ಮೂರು ಅಡಿ ಅಗಲ, ಆರು ಅಡಿ ಉದ್ದದ ಹಾಸಿಗೆಗೆ 60 ಇಂಚು ಅಗಲ, 90 ಇಂಚು ಉದ್ದದ ಶೀಟು ಹದವಾಗಿ ಕೂರುತ್ತದೆ. ಕೆಳಗೆ ಮಡಚಿ ಸಿಕ್ಕಿಸಲು ಅಂಚು ಉಳಿಯುತ್ತದೆ. ಅದಕ್ಕಿಂತ ಚಿಕ್ಕದಾದರೆ ಬೆಳಗಾಗುವಷ್ಟರಲ್ಲಿ ಮುದುಡಿ ನಡುವಿಗೆ ಬಂದಿರುತ್ತದೆ.

ಬಟ್ಟೆಗೆ ಗುರುತು ಹಾಕುವುದನ್ನು ಮರೆಯಬೇಡಿ. ಎಲ್ಲರದ್ದೂ ಒಟ್ಟಿಗೇ ಒಗೆಯುವ ಕಡೆ ಬಿಳಿ ಅಂಗಿ, ಕಪ್ಪು ಕಾಲುಚೀಲ ಎಲ್ಲ ಒಂದೇ ಥರ. ಮಾರ್ಕರ್‌ನಲ್ಲಿ ಬರೆದ ಹೆಸರು ಒಗೆದಂತೆಲ್ಲ ಮಸುಕಾಗುತ್ತದೆ. ಅದರ ಬದಲು ಎದ್ದು ಕಾಣುವ ಬಣ್ಣದ ದಾರ ಒಂದನ್ನು ಆರಿಸಿಕೊಳ್ಳಿ. ಅಂಗಿಗೆ ಕಾಲರ್ ಒಳಗೆ, ಪ್ಯಾಂಟಿಗೆ ಸೊಂಟದ ಪಟ್ಟಿಯ ಒಳಗೆ, ಕಾಲುಚೀಲಕ್ಕೆ ಬೆರಳ ತುದಿಯ ಹೊಲಿಗೆಯ ಹತ್ತಿರ ಎರಡು ಗೀಟಿನ ಒಂದು ಚಿಕ್ಕ ಕತ್ತರಿ ಗುರುತು. ದಾರ ಜೋಡೆಳೆಯಾಗಿರಲಿ, ಹಿಂದುಗಡೆ ಎರಡು ಗಂಟು ಬೀಳಲಿ. ನಾಲ್ಕೈದು ಬಟ್ಟೆಗೆ ನೀವು ಹಾಕಿ ತೋರಿಸಿ, ಉಳಿದದ್ದನ್ನು ಮಗುವಿಗೆ ಕೊಡಿ. ಹುಡುಗನಾದರೂ ಅಷ್ಟೆ, ಹುಡುಗಿಯಾದರೂ ಅಷ್ಟೆ. ಮೂಲೆಯಲ್ಲಿ ಕೂತು ಇಪ್ಪತ್ತು ಬಟ್ಟೆಗೆ ಗುರುತು ಹಾಕಿದ ಮಗುವಿಗೆ ಕಿತ್ತುಹೋದ ಗುಂಡಿ ಹೊಲಿದುಕೊಳ್ಳುವುದು ತಾನಾಗಿಯೇ ಬರುತ್ತದೆ. ಸೂಜಿ, ದಾರ, ನಾಲ್ಕು ಗುಂಡಿ, ಪಿನ್ನುಗಳು ಒಂದು ಚಿಕ್ಕ ಡಬ್ಬಿಯಲ್ಲಿ ಜೊತೆಗೇ ಹೋಗಲಿ.

ಔಷಧಿಯ ಡಬ್ಬಿಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಾತ್ರೆಗಳನ್ನು ಬಿಡಿಸಿ ಬಾಟಲಿಗೆ ತುಂಬಬೇಡಿ, ಸ್ಟ್ರಿಪ್‌ನಲ್ಲೇ ಇರಲಿ. ಸ್ಟ್ರಿಪ್‌ನಲ್ಲಿ ಅವಧಿ ಮುಗಿಯುವ ತಾರೀಕು ಒಂದೇ ಕೊನೆಯಲ್ಲಿ ಅಚ್ಚಾಗಿದ್ದರೆ, ಮಾತ್ರೆಯನ್ನು ಯಾವಾಗಲೂ ಇನ್ನೊಂದು ಕೊನೆಯಿಂದ ತೆಗೆಯಲು ಕಲಿಸಿ. ಆಗ ಕೊನೆಯ ಮಾತ್ರೆಯ ತನಕ ತಾರೀಕು ಕಣ್ಣಿಗೆ ಕಾಣುತ್ತಿರುತ್ತದೆ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟರೆ ಲೆಕ್ಕವನ್ನೂ ಹೇಳಿಕೊಡಿ: ಎರಡು ಸಲದ ನಡುವೆ ಕನಿಷ್ಠ 4 ಗಂಟೆ ಇರಬೇಕು, ದೊಡ್ಡವರಿಗೂ 24 ಗಂಟೆಯಲ್ಲಿ ಒಟ್ಟು 4 ಗ್ರಾಂ, ಅಂದರೆ 500 ಮಿಲಿಗ್ರಾಂನ ಎಂಟು ಮಾತ್ರೆ ದಾಟಬಾರದು. ಎಷ್ಟೋ ಶೀತದ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಒಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಇಡೀ ಪೊಟ್ಟಣ ಹಾಕಬೇಕು, ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು, ಉಳಿದರೆ ಚೆಲ್ಲಬೇಕು. ಥರ್ಮಾಮೀಟರ್, ಗಾಯಕ್ಕೆ ಹಚ್ಚುವ ಮುಲಾಮು, ಬ್ಯಾಂಡೇಜು ಸೇರಿಸಿ. ಮಗು ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ಡಾಕ್ಟರ ಚೀಟಿಯ ಒಂದು ಪ್ರತಿ ಡಬ್ಬಿಯಲ್ಲೇ ಇರಲಿ. ಅಲರ್ಜಿ ಇದ್ದರೆ ಮುಚ್ಚಳದ ಒಳಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ರೂಮ್‌ಮೇಟ್‌ಗೂ ತಿಳಿಸಿರಲಿ. ಡಬ್ಬಿಯನ್ನು ಬಚ್ಚಲಲ್ಲಿ ಇಡಕೂಡದು, ಅಲ್ಲಿನ ತೇವಕ್ಕೆ ಮಾತ್ರೆ ಕೆಡುತ್ತದೆ.

ಕಾಗದಪತ್ರಗಳಿಗೆ ಬೇರೆಯೇ ಒಂದು ಫೋಲ್ಡರ್. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ಮಗುವಿನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ. ಮೂಲಪ್ರತಿಗಳನ್ನು ಕಾಲೇಜಿನವರು ಪರಿಶೀಲಿಸಿ ವಾಪಸ್ ಕೊಟ್ಟರೆ ಅವು ನಿಮ್ಮ ಜೊತೆ ಮನೆಗೇ ಬರಲಿ, ಅವರು ಇಟ್ಟುಕೊಂಡರೆ ರಸೀದಿ ಕೇಳಿ ಪಡೆಯಿರಿ.

ಈಗ ತುಂಬುವ ಕ್ರಮ. ಮೊದಲ ರಾತ್ರಿಗೆ ಬೇಕಾದದ್ದೆಲ್ಲ ಒಂದೇ ಬೆನ್ನುಚೀಲದಲ್ಲಿ, ಅದು ಪ್ರಯಾಣದುದ್ದಕ್ಕೂ ಮಗುವಿನ ಕೈಯಲ್ಲೇ. ಬೆಡ್‌ಶೀಟ್, ದಿಂಬಿನ ಕವರ್, ಟವಲ್, ಒಂದು ಜೊತೆ ಬಟ್ಟೆ, ಸೋಪು, ಬ್ರಷ್ಷು, ಬಚ್ಚಲ ಚಪ್ಪಲಿ, ಚಾರ್ಜರ್, ನೀರಿನ ಬಾಟಲಿ, ಟಾರ್ಚ್, ಔಷಧಿ, ಕಾಗದಪತ್ರ, ಬೀಗ. ಉಳಿದ ಪೆಟ್ಟಿಗೆಗಳನ್ನು ಎರಡು ದಿನ ತೆರೆಯದಿದ್ದರೂ ಪರದಾಟ ಇರಬಾರದು. ಬೀಗ ಎರಡು ಬೇಕು, ಬೀರುವಿಗೊಂದು, ಸೂಟ್‌ಕೇಸಿಗೊಂದು. ಕೀಲಿಕೈಗಳ ಇನ್ನೊಂದು ಜೊತೆ ಮಗುವಿನ ಹತ್ತಿರವೇ ಬೇರೆ ಜಾಗದಲ್ಲಿರಲಿ. ಅದನ್ನು ಮನೆಯಲ್ಲಿಟ್ಟುಕೊಂಡು ನೀವೇನು ಮಾಡುತ್ತೀರಿ?

ಪುಸ್ತಕಗಳನ್ನು ದೊಡ್ಡ ಪೆಟ್ಟಿಗೆಗೆ ತುಂಬಿದರೆ ಎತ್ತುವುದಕ್ಕೇ ಆಗುವುದಿಲ್ಲ. ಚಿಕ್ಕ ರಟ್ಟಿನ ಪೆಟ್ಟಿಗೆ ಸಾಕು. ಸೂಟ್‌ಕೇಸಿನಲ್ಲಿ ಭಾರದ್ದು ಚಕ್ರದ ಕಡೆಗೆ ಬರಬೇಕು, ಆಗ ಎಳೆಯುವಾಗ ಮಗುಚುವುದಿಲ್ಲ. ಶಾಂಪೂ, ಎಣ್ಣೆ ಬಾಟಲಿಗಳ ಮುಚ್ಚಳ ತೆಗೆದು, ಬಾಯಿಗೆ ಪ್ಲಾಸ್ಟಿಕ್ ಚೂರು ಇಟ್ಟು, ಮೇಲೆ ಮುಚ್ಚಳ ಬಿಗಿಯಾಗಿ ತಿರುಗಿಸಿ ಒಂದು ಕವರಿನಲ್ಲಿ ಹಾಕಿ. ವಿಮಾನದಲ್ಲಿ ಹೋಗುವುದಾದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವಾಟ್-ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಡ. ಎಲ್ಲರ ಹತ್ತಿರ ಇರುವ 20000 ಎಂಎಎಚ್‌ನದು ಸುಮಾರು 74 ವಾಟ್-ಅವರ್ ಆಗುತ್ತದೆ. ಕತ್ತರಿ, ಚಾಕು ಮಾತ್ರ ಲಗೇಜಿಗೆ.

ಹೋಗುವ ದಿನ ಬೆಳಿಗ್ಗೆಯೇ ತಲುಪುವ ಹಾಗೆ ಹೊರಡಿ. ರೂಮಿಗೆ ಕಾಲಿಟ್ಟ ತಕ್ಷಣ ಸಾಮಾನು ಒಳಗೆ ತರಬೇಡಿ, ಬಾಗಿಲ ಹೊರಗೇ ಇರಲಿ. ಮೊದಲು ಗೋಡೆ, ಕಿಟಕಿ, ಮೇಜು, ಕುರ್ಚಿ, ಬೀರುವಿನ ಒಳಗೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಮುರಿದ ಕುರ್ಚಿ, ಬಿರುಕು ಬಿಟ್ಟ ಗಾಜು ಮೊದಲೇ ಹಾಗಿತ್ತು ಎಂದು ತೋರಿಸಲು, ವರ್ಷದ ಕೊನೆಗೆ ಡೆಪಾಸಿಟ್ ವಾಪಸ್ ಪಡೆಯಲು ಇದು ಬೇಕು. ಆಮೇಲೆ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಯ ಅಂಚು, ಮಂಚದ ಸಂದುಗಳು, ತಲೆಯ ಕಡೆಯ ಹಲಗೆಯ ಹಿಂಭಾಗ ಇಷ್ಟನ್ನೂ ನಿಧಾನವಾಗಿ ನೋಡಿ. ಮಸಿಯ ಹನಿಯಂಥ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ತಿಗಣೆ ಇದೆ ಎಂದೇ ಅರ್ಥ. ಬಲಿತ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ, ಚಪ್ಪಟೆ, ಕಂದು. ಕಂಡರೆ ಆಗಲೇ ವಾರ್ಡನ್‌ಗೆ ತೋರಿಸಿ ಬೇರೆ ಹಾಸಿಗೆ ಅಥವಾ ಬೇರೆ ರೂಮು ಕೇಳಿ, ಸಂಕೋಚ ಬೇಡ. ಒಮ್ಮೆ ಬಟ್ಟೆಗೆ ಹತ್ತಿಕೊಂಡರೆ 60 ಡಿಗ್ರಿ ಬಿಸಿನೀರಿನಲ್ಲೇ ಒಗೆಯಬೇಕಾಗುತ್ತದೆ, ಇಲ್ಲವೇ ಬಿಸಿ ಡ್ರೈಯರ್‌ನಲ್ಲಿ ಅರ್ಧ ಗಂಟೆ ತಿರುಗಿಸಬೇಕಾಗುತ್ತದೆ.

ನಂತರ ಗುಡಿಸಿ, ಬೀರುವಿನ ತಟ್ಟೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಾಗಿಲು ತೆರೆದಿಡಿ. ಮೊದಲು ಹಾಸಿಗೆ ಸಿದ್ಧವಾಗಲಿ. ಹಾಸಿಗೆ ಹಾಸಿದ ಮೇಲೆ ಉಳಿದದ್ದು ಅರ್ಧಕ್ಕೆ ನಿಂತರೂ ರಾತ್ರಿ ಮಲಗಲು ಜಾಗ ಇದೆಯಲ್ಲ.

ಬೀರು ಜೋಡಿಸುವುದು ಮಗುವಿನ ಕೆಲಸ. ನಿಮ್ಮ ಕೈ ತುರಿಸುತ್ತದೆ, ಗೊತ್ತು. ಆದರೂ ಕುರ್ಚಿಯಲ್ಲಿ ಕೂತು ಎರಡು ಮಾತು ಹೇಳಿ, ಸಾಕು. ಬಟ್ಟೆಯನ್ನು ಒಂದರ ಮೇಲೊಂದು ಪೇರಿಸುವ ಬದಲು ಮಡಚಿ ಅಕ್ಕಪಕ್ಕ ನಿಲ್ಲಿಸಿದರೆ ಅಡಿಯದನ್ನು ಎಳೆಯಲು ಹೋಗಿ ಎಲ್ಲ ಬೀಳುವ ಪ್ರಸಂಗ ಬರುವುದಿಲ್ಲ. ಶೂ ಹಾಕುವ ಜೇಬುಗಳಿರುವ ತೂಗುಚೀಲವನ್ನು ಬೀರುವಿನ ಬಾಗಿಲ ಒಳಗೆ ನೇತುಹಾಕಿದರೆ ಕಾಲುಚೀಲ, ಚಾರ್ಜರ್, ಬಾಚಣಿಗೆ ಎಲ್ಲಕ್ಕೂ ಒಂದೊಂದು ಜೇಬು. ಮಂಚದ ಕೆಳಗೆ ಇಡುವ ಡಬ್ಬಿಯನ್ನು ಮುಂಚೆ ಕೊಳ್ಳಬೇಡಿ. ನೆಲದಿಂದ ಮಂಚದ ಪಟ್ಟಿಯವರೆಗೆ ಎತ್ತರ ಅಳೆದ ಮೇಲೆ ತನ್ನಿ, ಅರ್ಧ ಇಂಚಿನಿಂದ ಒಳಗೆ ಹೋಗದ ಡಬ್ಬಿಗಳು ಎಷ್ಟೋ ಮನೆಗಳಲ್ಲಿ ದೂಳು ತಿನ್ನುತ್ತಿವೆ. ಖಾಲಿ ಸೂಟ್‌ಕೇಸಿನಲ್ಲಿ ಚಿಕ್ಕ ಬ್ಯಾಗುಗಳನ್ನು ಇಟ್ಟು ಮಂಚದಡಿ ತಳ್ಳಿ. ಬಚ್ಚಲಿಗೆ ಒಯ್ಯುವ ಬುಟ್ಟಿಗೆ ತಳದಲ್ಲಿ ತೂತುಗಳಿರಬೇಕು, ಇಲ್ಲದಿದ್ದರೆ ಸೋಪು ನೀರು ನಿಂತು ಲೋಳೆಯಾಗುತ್ತದೆ. ಗೋಡೆಗೆ ಅಂಟಿಸುವ ಕೊಕ್ಕೆಗಳಿಗೆ ಮೊದಲು ಅನುಮತಿ ಕೇಳಿ, ಬಣ್ಣ ಕಿತ್ತುಬಂದರೆ ದಂಡ ಕಟ್ಟಬೇಕಾದೀತು.

ಮನೆಯ ವಸ್ತು ಒಂದು ಜೊತೆಗಿರಲಿ ಎಂದು ಮಗು ಹಳೆಯ ಹೊದಿಕೆಯನ್ನೋ, ಒಂದು ಫೋಟೋವನ್ನೋ ಕೇಳಿದರೆ ಮರುಮಾತಿಲ್ಲದೆ ಕೊಡಿ. ಚಿನ್ನ, ಬೆಲೆಬಾಳುವ ವಾಚು ಇವು ಮಾತ್ರ ಮನೆಯಲ್ಲೇ ಇರಲಿ.

ಇಷ್ಟಾದ ಮೇಲೂ ಏನೋ ಹೆಚ್ಚಾಗಿರುತ್ತದೆ, ಏನೋ ಮರೆತಿರುತ್ತದೆ. ಮರೆತದ್ದನ್ನು ಅಲ್ಲೇ ಕೊಂಡರಾಯಿತು. ಹೆಚ್ಚಾದದ್ದಕ್ಕೆ ಈಗಲೇ ಒಂದು ಮಾತು ಮಾಡಿಕೊಳ್ಳಿ: ಮೊದಲ ರಜೆಗೆ ಬರುವಾಗ, ಅಷ್ಟು ದಿನ ಒಮ್ಮೆಯೂ ಮುಟ್ಟದ ಸಾಮಾನನ್ನೆಲ್ಲ ಆ ಖಾಲಿ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರಬೇಕು. ಅದರಲ್ಲಿ ನೀವು ಒತ್ತಾಯ ಮಾಡಿ ಕಳಿಸಿದ್ದೇ ಇದ್ದರೂ ಬೇಸರ ಮಾಡಿಕೊಳ್ಳದೆ ಇಳಿಸಿಕೊಳ್ಳಿ, ಚಳಿಗಾಲದ ಬಟ್ಟೆ ತುಂಬಿ ಕಳಿಸಲು ಅದೇ ಸೂಟ್‌ಕೇಸು ಬೇಕಾಗುತ್ತದೆ.