ಲಿಥಿಯಂ ಗುಳಿಗೆ ಇರುವ ಮನೆಯಲ್ಲಿ ನಾಡಿ ಎಣಿಸುವುದು ಗೊತ್ತಿರಲಿ

ಕಲಬುರಗಿಯ ಮೇ ಬಿಸಿಲು ಗೊತ್ತಲ್ಲ, 42 ಡಿಗ್ರಿ ಅಂದರೂ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಒಂದು ವಾರ ನಮ್ಮ ಕಾಕಾಗೆ ಭೇದಿ ಶುರುವಾಯಿತು, ಅದರ ಜೊತೆ ಮೊಣಕಾಲು ನೋವು ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತರಿಸಿ ನುಂಗಿದ್ದರು. ಮೂರನೇ ದಿನ ಬಸಿ ಹಿಡಿದ ಕೈ ಗಡಗಡ ನಡುಗಿ ಅರ್ಧ ಚಹಾ ಧೋತರದ ಮೇಲೆ. ನಾಡಿ ನಿಮಿಷಕ್ಕೆ 44. ಬೈಪೋಲಾರ್‌ಗೆ (ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ಅತಿ ಬೇಸರಕ್ಕೆ ಹೋಗುವ ಕಾಯಿಲೆ) ಲಿಥಿಯಂ ತೆಗೆದುಕೊಂಡು ವರ್ಷಗಳಾಗಿದ್ದವು, ಡೋಸ್ ಮಾತ್ರ ಅದೇ.

ಲಿಥಿಯಂ ಹೊರಗೆ ಹೋಗುವುದು ಕಿಡ್ನಿಯಿಂದ. ಮೈಯಲ್ಲಿ ನೀರು, ಉಪ್ಪು ಇಳಿದರೆ ಕಿಡ್ನಿ ಉಪ್ಪಿನ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಯಿಂದಲೂ ಲಿಥಿಯಂ ಏರಬಹುದು. ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 0.6ರಿಂದ 1.0 ಮಿಲಿಮೋಲ್ (mmol/L) ಇರಬೇಕು, 1.5 ದಾಟಿದರೆ ವಿಷವಾಗತೊಡಗುತ್ತದೆ. ಆಗ ಹೃದಯಕ್ಕೆ ತಾಳ ಹಾಕುವ ಸೈನಸ್ ನೋಡ್ ಮಂದವಾಗಬಹುದು: ಬಡಿತ ನಿಧಾನ, ನಡುವೆ ತಪ್ಪುವುದು, ಕಣ್ಣು ಕತ್ತಲೆ.

ಎಣಿಸುವುದು ಹೀಗೆ. ಐದು ನಿಮಿಷ ಸುಮ್ನೆ ಕೂರಿಸಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ನಿಮ್ಮ ಎರಡು ಬೆರಳು ಇಡಿ. ನಿಮ್ಮ ಹೆಬ್ಬೆರಳು ಬೇಡ, ಅದಕ್ಕೂ ನಾಡಿ ಇದೆ. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಿದ ಬಡಿತ ಕೈಗೆ ಸಿಗದೇ ಹೋಗಬಹುದು. ಚೆನ್ನಾಗಿದ್ದಾಗಿನ ಲೆಕ್ಕ ಬರೆದಿಟ್ಟುಕೊಳ್ಳಿ, ಹೋಲಿಸುವುದಕ್ಕೆ ಅದೇ ಬೇಕು.

ನಾಡಿ 50ಕ್ಕಿಂತ ಕಡಿಮೆ, ಇಲ್ಲವೇ ತಲೆಸುತ್ತು, ತೊದಲು ಮಾತು, ತೂರಾಡುವ ನಡಿಗೆ, ಜಾಸ್ತಿ ನಡುಕ, ಗೊಂದಲ ಕಂಡರೆ ಮುಂದಿನ ಗುಳಿಗೆ ಕೊಡಬೇಡಿ, 108ಕ್ಕೆ ಫೋನ್ ಮಾಡಿ. ನಾಡಿ ಸರಿ ಇದೆ ಅಂತ ಈ ಲಕ್ಷಣಗಳನ್ನು ಬಿಡಬೇಡಿ. ಗುಳಿಗೆ ಪಟ್ಟಿ ಜೊತೆಗಿರಲಿ, ದವಾಖಾನೆ ಬಾಗಿಲಲ್ಲೇ "ಲಿಥಿಯಂ ತಗೋತಾರೆ" ಅನ್ನಿ. ನಾವು ಹೇಳಿದ್ದು ಅರ್ಧ ತಾಸಿನ ಮೇಲೆ, ಅಲ್ಲಿವರೆಗೂ ಡಾಕ್ಟರು ಬರೀ ಬಿಸಿಲಿನ ಸುಸ್ತು ಅಂದುಕೊಂಡಿದ್ದರು. ಇಸಿಜಿ, ಲಿಥಿಯಂ ಮಟ್ಟ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ನೋಡಿ ಸಲೈನ್ ಹಾಕುತ್ತಾರೆ, ತೀರಾ ಜಾಸ್ತಿಯಾದರೆ ಡಯಾಲಿಸಿಸ್. ಬೇರೆ ಕೆಲವು ವಿಷಕ್ಕೆ ಕೊಡುವ ಇದ್ದಿಲಿನ ಪುಡಿ ಇದಕ್ಕೆ ಉಪಯೋಗವಿಲ್ಲ, ಲಿಥಿಯಂ ಅದಕ್ಕೆ ಅಂಟುವುದೇ ಇಲ್ಲ.

ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಿಟ್ಟು ಪ್ಯಾರಸಿಟಮಾಲ್ ಕೇಳಿ. ಟೆಲ್ಮಿಸಾರ್ಟನ್, ಎನಾಲಪ್ರಿಲ್‌ನಂಥ ಹೊಸ ಬಿಪಿ ಗುಳಿಗೆ ಬರೆದರೆ ಲಿಥಿಯಂ ಸುದ್ದಿ ಎತ್ತಿ, ಅವೂ ಲಿಥಿಯಂ ಏರಿಸಬಹುದು. ಯಾರೋ ಹೇಳಿದರು ಅಂತ ಉಪ್ಪು ಒಮ್ಮೆಲೇ ಬಿಡಬೇಡಿ. ಹಾಗಂತ ಚೆನ್ನಾಗಿದ್ದಾಗ ಲಿಥಿಯಂ ತಾವಾಗಿಯೇ ನಿಲ್ಲಿಸುವುದೂ ಬೇಡ, ಮನಸ್ಸಿನ ಕಾಯಿಲೆ ತಿರುಗಿ ಬರಬಹುದು.

ಮಾಮೂಲಿ ತಪಾಸಣೆಗಾದರೆ ರಾತ್ರಿ ಗುಳಿಗೆಯಾದ 12 ತಾಸಿಗೆ ರಕ್ತ ಕೊಡಿ, ಬೆಳಗಿನ ಡೋಸ್ ಇದ್ದರೆ ಆಮೇಲೆ. ಕಾಕಾ ಒಮ್ಮೆ ನುಂಗಿಯೇ ಹೋಗಿ, ಮಟ್ಟ ಜಾಸ್ತಿ ತೋರಿಸಿದ ರಿಪೋರ್ಟ್ ನೋಡಿ ಮನೆಯವರೆಲ್ಲ ಗಾಬರಿಯಾಗಿದ್ದೆವು.