ಅಚ್ಚುಕಟ್ಟಿಲ್ಲದವರ ರಜೆ: ಕೊಪ್ಪಳದ ಸುತ್ತ ಮಕ್ಕಳೊಂದಿಗೆ

2024ರ ಮೇ ತಿಂಗಳ ಒಂದು ಮಧ್ಯಾಹ್ನ, ಅಣೆಕಟ್ಟೆಯ ಗೇಟುಗಳಿಂದ ನೀರು ಧುಮ್ಮಿಕ್ಕುವುದನ್ನು ತೋರಿಸುತ್ತೇನೆಂದು ಹೇಳಿ ಇಬ್ಬರು ಮಕ್ಕಳನ್ನು ಮುನಿರಾಬಾದಿಗೆ ಕರೆದುಕೊಂಡು ಹೋದೆ. ತುಂಗಭದ್ರಾ ಜಲಾಶಯ ತುಂಬಿ ಗೇಟು ತೆರೆಯುವುದು ಮಳೆಗಾಲದಲ್ಲಿ ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಹೊರಡುವಾಗ ಮಾತ್ರ ನೆನಪಾಗಲಿಲ್ಲ. ನೀರಿನ ಬಾಟಲಿಯೂ ಮನೆಯಲ್ಲೇ ಉಳಿದಿತ್ತು. ಅಳುತ್ತಿದ್ದ ಮಗನನ್ನು ಸುಮ್ಮನಾಗಿಸಲು ಬೇರೆ ದಾರಿ ತೋಚದೆ ಗೇಟುಗಳನ್ನಾದರೂ ಎಣಿಸು ಎಂದೆ. ಅಕ್ಕ ತಮ್ಮ ಇಬ್ಬರೂ ಬೆರಳು ಚಾಚಿ, ಎರಡು ಸಲ ತಪ್ಪಿ, ಮೂರನೆಯ ಸಲ 33 ಎಂದು ಒಪ್ಪಿಕೊಂಡರು. ಅದೇ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದ ಸುದ್ದಿ ಬಂದಾಗ ಮಗ ಟಿ.ವಿ. ಮುಂದೆ ನಿಂತು, "ಇದು ನಾವು ಎಣಿಸಿದ ಗೇಟ್ ಅಲ್ಲೇನವ್ವಾ?" ಎಂದು ಕೇಳಿದ. ನಾನು ತೋರಿಸಬೇಕೆಂದುಕೊಂಡದ್ದು ಅವನಿಗೆ ದಕ್ಕಿರಲಿಲ್ಲ, ಅವನು ತಾನಾಗಿ ಮಾಡಿದ್ದು ಉಳಿದಿತ್ತು. ಮಕ್ಕಳೊಂದಿಗೆ ರಜೆ ಕಳೆಯಲು ಇಲ್ಲಿ ಹೇಳುವ ವಿಧಾನವೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಏಪ್ರಿಲ್‌ನಿಂದ ಮೇ ಕೊನೆಯವರೆಗಿನ ಇಡೀ ರಜೆಗೆ ವೇಳಾಪಟ್ಟಿ ಹಾಕಲು ಹೋಗಬೇಡಿ. ನಮ್ಮಂಥವರ ವೇಳಾಪಟ್ಟಿ ಮೂರನೆಯ ದಿನಕ್ಕೆ ಮುರಿದುಬೀಳುತ್ತದೆ, ಆಮೇಲೆ ಉಳಿಯುವುದು ಬೇಸರವೊಂದೇ. ಬದಲಿಗೆ ಮೂರು ಜಾಗಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕದೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೂರರಲ್ಲಿ ಎರಡು ನಡೆದರೆ ಸಾಕು. ಮನೆಯಿಂದ ಹೊರಡುವ ಹೊತ್ತನ್ನು ಮಾತ್ರ ಬಿಗಿಯಾಗಿ ಹಿಡಿಯಬೇಕು, ಏಕೆಂದರೆ ಇಲ್ಲಿನ ಬೇಸಿಗೆ 40 ಡಿಗ್ರಿಯ ಆಸುಪಾಸಿನದು; ಬೆಳಿಗ್ಗೆ ಆರರಿಂದ ಒಂಬತ್ತು, ಇಲ್ಲವೇ ಸಂಜೆ ಐದರ ನಂತರ. ಬೇಗ ಏಳುವುದು ನಿಮ್ಮಿಂದಾಗದ ಕೆಲಸವೆಂದು ಗೊತ್ತಿದ್ದರೆ ಸಂಜೆಯನ್ನೇ ಆರಿಸಿಕೊಳ್ಳಿ, ನಾಳೆಯಿಂದ ಬದಲಾಗುತ್ತೇನೆಂದು ನಂಬಿ ಮಕ್ಕಳಿಗೆ ಮಾತು ಕೊಡಬೇಡಿ. ಮರೆಯಬಾರದ ವಸ್ತುಗಳಾದ ನೀರು, ಟೋಪಿ, ಒಂದು ಟವೆಲ್ ಇವನ್ನು ರಜೆಯುದ್ದಕ್ಕೂ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ತೂಗುಹಾಕಿರಿ. ಚೀಲ ತರುವ ಹೊಣೆಯನ್ನು ಹಿರಿಯ ಮಗುವಿಗೆ ಒಪ್ಪಿಸಿದರೆ ಅದು ನಿಮಗಿಂತ ಚೆನ್ನಾಗಿ ನಿಭಾಯಿಸುತ್ತದೆ.

ಪ್ರತಿ ಜಾಗದಲ್ಲಿಯೂ ಮಗುವಿಗೆ ಒಂದೇ ಒಂದು ಕೆಲಸ ಕೊಡುವುದು ಇದರ ತಿರುಳು. ಆನೆಗೊಂದಿಯ ಬಳಿಯ ಅಂಜನಾದ್ರಿಯಲ್ಲಿ ಮೆಟ್ಟಿಲು ಎಣಿಸಲು ಹೇಳಿ. 575 ಎನ್ನುತ್ತಾರೆ, ನನ್ನ ಮಗಳ ಲೆಕ್ಕಕ್ಕೆ 561 ಬಂತು, ಮಗನ ಲೆಕ್ಕಕ್ಕೆ 590, ಆ ಜಗಳ ಇಂದಿಗೂ ಬಗೆಹರಿದಿಲ್ಲ. ತಿದ್ದಲು ಹೋಗಬೇಡಿ. ಕೈಯಲ್ಲಿ ತಿಂಡಿ ಇದ್ದರೆ ಮಂಗಗಳು ಬಿಡುವುದಿಲ್ಲವಾದ್ದರಿಂದ ತಿನ್ನುವುದನ್ನು ಕೆಳಗೇ ಮುಗಿಸಿ ಹತ್ತಬೇಕು.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿರುವ ಅಶೋಕನ ಶಾಸನ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಳೆಯದು. ಇತಿಹಾಸವನ್ನು ಅಲ್ಲಿ ನಿಂತು ಪಾಠ ಮಾಡಿದರೆ ಮಕ್ಕಳು ಕಲ್ಲು ಎಸೆಯಲು ಶುರುಮಾಡುತ್ತಾರೆ. ಬ್ರಾಹ್ಮಿ ಲಿಪಿಯ ಐದು ಅಕ್ಷರಗಳನ್ನು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೇಳಿದರೆ ಸಾಕು. ಮನೆಗೆ ಬಂದ ಮೇಲೆ ಆ ಅಕ್ಷರಗಳಲ್ಲಿ ತಮ್ಮ ಹೆಸರು ಬರೆಯಲು ನೋಡುತ್ತಾರೆ. ಬಂಡೆಯನ್ನು ಮುಟ್ಟಿ, ಉಜ್ಜಿ ನೋಡಲು ಮಾತ್ರ ಬಿಡಬಾರದು. ಇಟಗಿಯ ಮಹಾದೇವ ದೇವಾಲಯಕ್ಕೆ ಹೋದಾಗಲೂ ಹೀಗೆಯೇ: 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದು, ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ ಎಂಬಷ್ಟನ್ನು ಹೇಳಿ, ಒಂದರಂತೆ ಇನ್ನೊಂದಿಲ್ಲದ ಎರಡು ಕಂಬಗಳನ್ನು ಹುಡುಕಲು ಬಿಡಿ.

ಕಿನ್ನಾಳಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. ಅಲ್ಲಿನ ಚಿತ್ರಗಾರರು ಹಗುರ ಮರದಿಂದ ಗೊಂಬೆ ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮೇಲೆ ಬಣ್ಣ ಕೊಡುತ್ತಾರೆ. ಎರಡು ವರ್ಷ ನಾನು ಸುಮ್ಮನೆ ಗೊಂಬೆ ಕೊಂಡು ತಂದೆ, ಅವು ಶೋಕೇಸಿನಲ್ಲಿ ಧೂಳು ಹಿಡಿದವು. ಮೂರನೆಯ ವರ್ಷ ಕೇಳಿಕೊಂಡು ಕೆಲಸ ನಡೆಯುವಲ್ಲಿ ಮಕ್ಕಳನ್ನು ಅರ್ಧ ಗಂಟೆ ಕೂರಿಸಿದೆ. ಮನೆಗೆ ಬಂದವರೇ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಬೇಯಿಸಿ ಅಂಟು ಮಾಡಲು ಹೊರಟರು. ಗಂಟು ಗಂಟಾಗಿ ತಳ ಹಿಡಿಯಿತು, ಪಾತ್ರೆ ಹಾಳಾಯಿತು. ಹಳೆಯ ಪಾತ್ರೆ ಕೊಡಿ, ಹುರಿಯುವ ಮತ್ತು ಬೇಯಿಸುವ ಕೆಲಸ ನಿಮ್ಮ ಕೈಯಲ್ಲಿರಲಿ. ಕೆಲಸ ಮಾಡುವವರ ಹೊತ್ತು ತೆಗೆದುಕೊಂಡ ಮೇಲೆ ಚಿಕ್ಕದಾದರೂ ಒಂದು ಗೊಂಬೆ ಕೊಳ್ಳುವುದು ಮರ್ಯಾದೆ, ಬೆಲೆಯಲ್ಲಿ ಚೌಕಾಸಿ ಬೇಡ.

ಎಲ್ಲಿಗೂ ಹೋಗಲಾಗದ ವಾರಗಳು ಬಂದೇ ಬರುತ್ತವೆ. ಆಗ ವಾರದ ಒಂದು ಸಂಜೆಯನ್ನು ಮಂಡಕ್ಕಿ ವಗ್ಗರಣಿ, ಮಿರ್ಚಿಗೆ ಮೀಸಲಿಡಿ. ಪ್ರತಿ ಸಲವೂ ಅದೇ ಅಂಗಡಿ, ವಾರದ ಅದೇ ದಿನ. ಮಿರ್ಚಿ ಖಾರವಾಯಿತೆಂದು ಮಗ ಕಣ್ಣೀರು ಹಾಕುವುದೂ, ಮುಂದಿನ ವಾರ ಮತ್ತೆ ಅದನ್ನೇ ಕೇಳುವುದೂ ನಮ್ಮಲ್ಲಿ ರಜೆಯ ಭಾಗವೇ ಆಗಿಬಿಟ್ಟಿದೆ.

ಮಾತು ಕೊಟ್ಟು ತಪ್ಪಿದ ದಿನ ನೆಪ ಹೇಳದೆ "ಮರೆತೆ, ತಪ್ಪಾಯ್ತು" ಎಂದು ಹೇಳಿಬಿಡಿ, ಅದಕ್ಕೆ ಪರಿಹಾರವಾಗಿ ಇನ್ನೂ ದೊಡ್ಡ ಮಾತು ಕೊಡಬೇಡಿ.

ಫೋಟೋಗಳ ವಿಷಯದಲ್ಲಿ ನಾನು ಸೋತಿದ್ದೇನೆ. ಫೋನಿನಲ್ಲಿ ನೂರಾರಿವೆ, ಯಾವುದು ಎಲ್ಲಿಯದೆಂದು ತಿಳಿಯದು. ಹಾಗಾಗಿ ಈಗ ಒಂದು ಖಾಲಿ ಸಿಹಿತಿಂಡಿ ಡಬ್ಬಿ ಇಟ್ಟಿದ್ದೇವೆ. ಪ್ರತಿ ಸುತ್ತಾಟದಿಂದ ಮಗುವೇ ಆರಿಸಿದ ಒಂದು ವಸ್ತು ಅದಕ್ಕೆ ಬೀಳುತ್ತದೆ: ಬ್ರಾಹ್ಮಿ ಅಕ್ಷರದ ಹಾಳೆ, ನಾಲ್ಕು ಹುಣಸೆಬೀಜ, ಬಸ್ ಟಿಕೆಟು. ಯಂತ್ರದಿಂದ ಬರುವ ಟಿಕೆಟಿನ ಅಕ್ಷರಗಳು ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತವೆ, ಆದ್ದರಿಂದ ಅದೇ ರಾತ್ರಿ ಅದರ ಹಿಂದೆ ಪೆನ್ಸಿಲ್ಲಿನಿಂದ ಊರು ಮತ್ತು ತಾರೀಖು ಬರೆಸಿಡಬೇಕು.