ಚಿತ್ರ ಕಾಣದಿದ್ದರೆ ಬ್ರೌಸರನ್ನು ದೂರುವ ಮುನ್ನ

ಹೈಸ್ಕೂಲಿನ ಕೊನೆಯ ವರ್ಷ ತೆಗೆಸಿಕೊಂಡ ಗ್ರೂಪ್ ಫೋಟೊವನ್ನು ಸ್ಕ್ಯಾನ್ ಮಾಡಿ ನನ್ನ ಪುಟ್ಟ ಜಾಲತಾಣಕ್ಕೆ ಹಾಕಿ, ಅದರ ಕೊಂಡಿಯನ್ನು ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿದ್ದೆ. ವಾರ ಕಳೆಯುವಷ್ಟರಲ್ಲಿ ಅಲ್ಲಿ ಜಗಳ ಹತ್ತಿಕೊಂಡಿತು. ಒಬ್ಬನಿಗೆ ಫೋಟೊ ಸೊಗಸಾಗಿ ಕಾಣುತ್ತಿತ್ತು, ಇನ್ನೊಬ್ಬನಿಗೆ ಅದರ ಜಾಗದಲ್ಲಿ ಬರೀ ಒಂದು ಸಾಲು ಅಕ್ಷರ. ಮೊದಲನೆಯವನು ಕ್ರೋಮ್ ಭಕ್ತ, ಎರಡನೆಯವನು ಫೈರ್‌ಫಾಕ್ಸ್ ಬಿಟ್ಟು ಬೇರೊಂದನ್ನು ಮುಟ್ಟದವನು. “ಆ ನರಿಯನ್ನು ಕಿತ್ತು ಬಿಸಾಕು ಮಾರಾಯ, ಎಲ್ಲ ಸರಿಹೋಗ್ತದೆ” ಎಂದು ಇವನು, “ನಿನ್ನ ಕ್ರೋಮ್ ಇರೋ ಮೆಮೊರಿಯನ್ನೆಲ್ಲ ನುಂಗಿ ನೀರು ಕುಡೀತದಲ್ಲ, ಮೊದಲು ಅದನ್ನ ನೋಡ್ಕೊ” ಎಂದು ಅವನು. ಎರಡು ದಿನ ನಡೆದ ಈ ವಾದದಲ್ಲಿ ತಪ್ಪು ಎರಡೂ ಬ್ರೌಸರುಗಳದ್ದಾಗಿರಲಿಲ್ಲ, ನನ್ನದಾಗಿತ್ತು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಇಂಥ ಸಂದರ್ಭದಲ್ಲಿ ಯಾವುದರ ನಂತರ ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಜಾಲಪುಟದೊಳಗೆ ಚಿತ್ರ ಇರುವುದಿಲ್ಲ, ಚಿತ್ರದ ವಿಳಾಸ ಮಾತ್ರ ಇರುತ್ತದೆ. ಮೊಸಾಯಿಕ್ ಬ್ರೌಸರನ್ನು ರೂಪಿಸುತ್ತಿದ್ದ ಮಾರ್ಕ್ ಆಂಡ್ರೀಸನ್ 1993ರ ಫೆಬ್ರುವರಿಯಲ್ಲಿ ಸೂಚಿಸಿದ ‘ಐಎಂಜಿ’ ಟ್ಯಾಗ್ ಇಂದಿಗೂ ಅದೇ ಕೆಲಸ ಮಾಡುತ್ತಿದೆ: ಇಂಥ ವಿಳಾಸದಲ್ಲಿರುವ ಚಿತ್ರವನ್ನು ತಂದು ಇಲ್ಲಿ ಕೂರಿಸು ಎಂದು ಬ್ರೌಸರಿಗೆ ಹೇಳುತ್ತದೆ. ಪುಟದಲ್ಲಿ ಇಪ್ಪತ್ತು ಚಿತ್ರಗಳಿದ್ದರೆ ಬ್ರೌಸರ್ ಇಪ್ಪತ್ತು ಸಲ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ, ಮತ್ತು ಅವುಗಳಲ್ಲಿ ಯಾವುದೊಂದೂ ಕೈಕೊಡಬಹುದು. ಹಾಗೆ ಕೈಕೊಟ್ಟಾಗ ಕ್ರೋಮ್ ಹರಿದ ಚಿತ್ರದ ಗುರುತನ್ನು ತೋರಿಸುತ್ತದೆ, ಸಫಾರಿ ಪ್ರಶ್ನಾರ್ಥಕ ಚಿಹ್ನೆಯನ್ನು ಇಡುತ್ತದೆ, 2022ರ ಜೂನ್‌ನಲ್ಲಿ ನಿವೃತ್ತಿಯಾದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೆಂಪು ಅಡ್ಡಗೀಟು ಹಾಕುತ್ತಿತ್ತು. ಫೈರ್‌ಫಾಕ್ಸ್ ಸಾಮಾನ್ಯವಾಗಿ ಚಿತ್ರದ ಬದಲಿಗೆಂದು ಪುಟದಲ್ಲಿ ಬರೆದಿಟ್ಟ ‘ಆಲ್ಟ್’ ಪಠ್ಯವನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ಲಕ್ಷಣ ಬೇರೆಯಾಗಿ ಕಂಡರೂ ಕಾಯಿಲೆ ಒಂದೇ ಇರುತ್ತದೆ.

ಮೊದಲ ಹೆಜ್ಜೆ: ಕಾಣುತ್ತಿರುವವನನ್ನೇ ಪರೀಕ್ಷಿಸಿ

ಚಿತ್ರ ಕಾಣದವನಿಂದ ತನಿಖೆ ಆರಂಭಿಸುವುದು ಎಲ್ಲರ ರೂಢಿ. ನಾನು ಕಾಣುತ್ತಿರುವವನಿಂದ ಆರಂಭಿಸುತ್ತೇನೆ. ಬ್ರೌಸರ್ ಒಮ್ಮೆ ತಂದ ಚಿತ್ರದ ಪ್ರತಿಯನ್ನು ಕ್ಯಾಶೆಯಲ್ಲಿ ಉಳಿಸಿಕೊಂಡಿರುತ್ತದೆ. ಮೂಲ ಚಿತ್ರ ಸರ್ವರಿನಿಂದ (ಜಾಲತಾಣದ ಕಡತಗಳನ್ನು ಇಟ್ಟಿರುವ ಕಂಪ್ಯೂಟರಿನಿಂದ) ಅಳಿಸಿಹೋಗಿದ್ದರೂ ಆ ಹಳೆಯ ಪ್ರತಿಯನ್ನೇ ತೋರಿಸುತ್ತಿರಬಹುದು. ಆದ್ದರಿಂದ ಅವನು ಕ್ರೋಮಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು, ಫೈರ್‌ಫಾಕ್ಸಿನಲ್ಲಾದರೆ ಎನ್ ಬದಲು ಪಿ ಕೀಲಿಯನ್ನು ಒಟ್ಟಿಗೆ ಒತ್ತಿ ಖಾಸಗಿ ಕಿಟಕಿ ತೆರೆದು ಅದೇ ಪುಟವನ್ನು ನೋಡಲಿ. ಖಾಸಗಿ ಕಿಟಕಿಗೆ ಹಳೆಯ ಕ್ಯಾಶೆಯೂ ಇಲ್ಲ, ಲಾಗಿನ್ ಆದ ನೆನಪೂ ಇಲ್ಲ. ಅಲ್ಲಿಯೂ ಚಿತ್ರ ಮಾಯವಾದರೆ ಬ್ರೌಸರುಗಳ ಜಗಳ ಅಲ್ಲಿಗೇ ಮುಗಿಯಿತು.

ನಮ್ಮ ಗುಂಪಿನಲ್ಲಿ ಆದದ್ದೂ ಇದೇ. ಕೊಂಡಿ ಕಳುಹಿಸಿದ ಮೂರನೆಯ ದಿನ ನಾನು ಫೋಟೊವನ್ನು ಇನ್ನಷ್ಟು ಸ್ವಚ್ಛಗೊಳಿಸಿ, ಹಳೆಯದನ್ನು ಅಳಿಸಿ, ಹೊಸದನ್ನು ಏರಿಸಿದ್ದೆ. ಹೊಸ ಕಡತದ ಹೆಸರಿನ ಕೊನೆಯಲ್ಲಿದ್ದ ‘ಜೆಪಿಜಿ’ ಎಂಬುದು ದೊಡ್ಡಕ್ಷರಗಳಲ್ಲಿತ್ತು, ಪುಟದಲ್ಲಿ ಬರೆದಿದ್ದ ವಿಳಾಸದಲ್ಲಿ ಸಣ್ಣಕ್ಷರಗಳಲ್ಲಿತ್ತು. ವಿಂಡೋಸ್ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಿತ್ತು. ಆದರೆ ಲಿನಕ್ಸ್ ಸರ್ವರಿನ ಪಾಲಿಗೆ ಅವು ಎರಡು ಬೇರೆ ಕಡತಗಳು. ಕ್ರೋಮ್ ಭಕ್ತ ಮೊದಲ ದಿನವೇ ಫೋಟೊ ನೋಡಿದ್ದರಿಂದ ಅವನ ಕ್ಯಾಶೆಯಲ್ಲಿ ಹಳೆಯ ಪ್ರತಿ ಉಳಿದಿತ್ತು. ಫೈರ್‌ಫಾಕ್ಸಿನವನು ಪುಟ ತೆರೆದದ್ದೇ ನಾಲ್ಕನೆಯ ದಿನ.

ಎರಡನೆಯ ಹೆಜ್ಜೆ: ಚಿತ್ರವನ್ನು ಒಂಟಿಯಾಗಿ ತೆರೆಯಿರಿ

ಚಿತ್ರ ಇರಬೇಕಾದ ಜಾಗದ ಮೇಲೆ ಬಲಗುಂಡಿ ಒತ್ತಿ (ಮೊಬೈಲಿನಲ್ಲಾದರೆ ಬೆರಳಿಟ್ಟು ಒತ್ತಿ ಹಿಡಿದು) ಚಿತ್ರದ ವಿಳಾಸವನ್ನು ನಕಲಿಸಿಕೊಂಡು ಹೊಸ ಟ್ಯಾಬಿನಲ್ಲಿ ಅಂಟಿಸಿ. ಆಗ ಮೂರರಲ್ಲಿ ಒಂದು ಸಂಗತಿ ನಡೆಯುತ್ತದೆ.

404 ಎಂದು ಬಂದರೆ ಆ ವಿಳಾಸದಲ್ಲಿ ಏನೂ ಇಲ್ಲ ಎಂದರ್ಥ. ಹೆಸರು, ದೊಡ್ಡಕ್ಷರ ಸಣ್ಣಕ್ಷರ, ಫೋಲ್ಡರ್ ಇವನ್ನು ಕಣ್ಣಿಟ್ಟು ಹೋಲಿಸಬೇಕು. ವಿಳಾಸ ‘ಫೈಲ್’ ಎಂಬ ಪದದಿಂದ ಆರಂಭವಾಗಿ ನಡುವೆ ಸಿ ಡ್ರೈವಿನ ಹೆಸರು ಕಂಡರೆ ಹೆಚ್ಚು ಹುಡುಕುವ ಅಗತ್ಯವೇ ಇಲ್ಲ. ಪುಟ ಮಾಡಿದವರು ತಮ್ಮ ಕಂಪ್ಯೂಟರಿನೊಳಗಿನ ದಾರಿಯನ್ನೇ ಬರೆದುಬಿಟ್ಟಿದ್ದಾರೆ, ಅದು ಜಗತ್ತಿನಲ್ಲಿ ಅವರೊಬ್ಬರಿಗೆ ಮಾತ್ರ ಕಾಣುತ್ತದೆ. ಎರಡನೆಯದು, ಬರೀ ಚಿತ್ರದ ಬದಲು ಬಟನ್ನು ಮೆನುಗಳಿರುವ ಇಡೀ ಪುಟವೊಂದು ತೆರೆದುಕೊಳ್ಳುವುದು. ಗೂಗಲ್ ಡ್ರೈವಿನಲ್ಲಿ ‘ಶೇರ್’ ಒತ್ತಿ ಪಡೆದ ಕೊಂಡಿಯನ್ನು ಚಿತ್ರದ ವಿಳಾಸವೆಂದು ತಿಳಿದವರಿಗೆಲ್ಲ ಹೀಗಾಗುತ್ತದೆ, ಏಕೆಂದರೆ ಅದು ಚಿತ್ರವನ್ನು ತೋರಿಸುವ ಪುಟದ ವಿಳಾಸವೇ ಹೊರತು ಚಿತ್ರದ್ದಲ್ಲ.

ಮೂರನೆಯದು ಸ್ವಲ್ಪ ಸೋಜಿಗದ್ದು: ಹೊಸ ಟ್ಯಾಬಿನಲ್ಲಿ ಚಿತ್ರ ಚೆನ್ನಾಗಿ ತೆರೆದುಕೊಳ್ಳುತ್ತದೆ, ಪುಟದೊಳಗೆ ಮಾತ್ರ ಬರುವುದಿಲ್ಲ. ಪುಟದೊಳಗಿನ ಚಿತ್ರವನ್ನು ಕೇಳುವಾಗ ಬ್ರೌಸರ್ ‘ನಾನು ಇಂಥ ತಾಣದಿಂದ ಬಂದಿದ್ದೇನೆ’ ಎಂದು ‘ರೆಫರರ್’ ಎಂಬ ಸಾಲಿನಲ್ಲಿ ತಿಳಿಸುತ್ತದೆ. ಬೇರೆ ತಾಣದವರು ತಮ್ಮ ಚಿತ್ರವನ್ನು ಪುಕ್ಕಟೆ ಬಳಸಬಾರದೆಂದು ಬಯಸುವ ಸರ್ವರುಗಳು ಇದನ್ನು ನೋಡಿ 403 ಎಂದು ಬಾಗಿಲು ಮುಚ್ಚುತ್ತವೆ. ವಿಳಾಸವನ್ನು ನೇರವಾಗಿ ಅಂಟಿಸಿದಾಗ ಆ ಸಾಲು ಇರುವುದಿಲ್ಲ, ಹಾಗಾಗಿ ಬಹುಮಟ್ಟಿಗೆ ಒಳಗೆ ಬಿಡುತ್ತವೆ. ಇದಕ್ಕೆ ಬ್ರೌಸರ್ ಬದಲಿಸುವುದು ಮದ್ದಲ್ಲ. ಅನುಮತಿ ಪಡೆದು ಚಿತ್ರವನ್ನು ನಿಮ್ಮದೇ ತಾಣದಲ್ಲಿ ಇಟ್ಟುಕೊಳ್ಳಬೇಕು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಕೂಡ ಇದೇ ಲಕ್ಷಣ ತೋರಿಸಬಹುದಾದ್ದರಿಂದ ಅದನ್ನು ಒಂದು ಕ್ಷಣ ಆರಿಸಿ ನೋಡಿ. ‘ಬ್ಯಾನರ್’, ‘ಆಡ್ಸ್’ ಎಂಬ ಹೆಸರಿನ ಫೋಲ್ಡರಿನಲ್ಲಿಟ್ಟ ಮದುವೆಯ ಫೋಟೊವೂ ಅದರ ಕಣ್ಣಿಗೆ ಜಾಹೀರಾತೇ. ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು ಚಿತ್ರದ ವಿಳಾಸ ಗೂಢಲಿಪಿಯ ರಕ್ಷಣೆಯಿಲ್ಲದ ಹಳೆಯ ಎಚ್‌ಟಿಟಿಪಿಯಲ್ಲಿದ್ದರೆ ಈಚಿನ ಬ್ರೌಸರುಗಳು ತಾವೇ ಅದನ್ನು ಎಚ್‌ಟಿಟಿಪಿಎಸ್‌ಗೆ ತಿದ್ದಿ ಕೇಳುತ್ತವೆ, ಆ ಸರ್ವರಿನಲ್ಲಿ ಅದರ ಏರ್ಪಾಡು ಇಲ್ಲದಿದ್ದರೆ ಆಗಲೂ ಚಿತ್ರ ಬರುವುದಿಲ್ಲ.

ಕನ್ನಡದ ಹೆಸರಿಟ್ಟವರಿಗೆ

ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ಕೊಡಗು’ ಎಂಬ ಪದದ ಮೊದಲ ಅಕ್ಷರವನ್ನು ಯೂನಿಕೋಡಿನಲ್ಲಿ (ಲಿಪಿಚಿಹ್ನೆಗಳಿಗೆ ಕಂಪ್ಯೂಟರುಗಳು ಬಳಸುವ ಸಂಕೇತಗಳ ಪಟ್ಟಿಯಲ್ಲಿ) ಎರಡು ಬಗೆಯಲ್ಲಿ ಬರೆಯಬಹುದು: ಕಕಾರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಒಂದರ ಹಿಂದೆ ಒಂದು ಸೇರಿಸಬಹುದು. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ವಿಳಾಸದೊಳಗೆ ಹೋಗುವಾಗ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳಾಗಿ, ಪ್ರತಿ ಬೈಟೂ ಶೇಕಡಾ ಚಿಹ್ನೆ ಹೊತ್ತ ಮೂರು ಅಕ್ಷರಗಳಾಗಿ ಬಿಚ್ಚಿಕೊಳ್ಳುವುದರಿಂದ ಮೊದಲ ಬಗೆಯ ‘ಕೊಡಗು’ 45 ಅಕ್ಷರಗಳಷ್ಟು ಉದ್ದವಾಗುತ್ತದೆ, ಎರಡನೆಯದು 54. ಸರ್ವರ್ ಹೋಲಿಸುವುದು ಇವನ್ನೇ ಹೊರತು ನಮ್ಮ ಕಣ್ಣಿಗೆ ಕಾಣುವ ರೂಪವನ್ನಲ್ಲ. ಹಳೆಯ ಮ್ಯಾಕ್ ಕಂಪ್ಯೂಟರುಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು, ಆದ್ದರಿಂದ ಅಲ್ಲಿಂದ ಏರಿಸಿದ ಕಡತವೂ ಪುಟದಲ್ಲಿ ಕೈಯಿಂದ ಬೆರಳಚ್ಚಿಸಿದ ಹೆಸರೂ ತಾಳೆಯಾಗದೆ ಹೋಗಬಹುದು. ಕನ್ನಡದ ಹೆಸರು ಬೇಡವೆನ್ನಲು ನನಗೆ ಮನಸ್ಸಿಲ್ಲ. ಹೆಸರನ್ನು ಮತ್ತೆ ಬೆರಳಚ್ಚಿಸದೆ ಕಡತದಿಂದಲೇ ನಕಲಿಸಿ ಅಂಟಿಸಿದರೆ ಈ ತೊಡಕು ಬರುವುದಿಲ್ಲ. ಹೆಸರಿನ ನಡುವೆ ಖಾಲಿ ಜಾಗ ಬಿಡುವುದು ಮಾತ್ರ ಬೇಡವೇ ಬೇಡ: ಕಳುಹಿಸಿದ ಕೊಂಡಿ ಅಲ್ಲಿಗೇ ತುಂಡಾಗುತ್ತದೆ.

ಬ್ರೌಸರಿನದೇ ತಪ್ಪಿರುವ ಸಂದರ್ಭ

ಅಂಥವು ಇಲ್ಲದಿಲ್ಲ, ಮತ್ತು ಬಹುಪಾಲು ಚಿತ್ರದ ನಮೂನೆಗೆ ಸಂಬಂಧಿಸಿದವು. ವೆಬ್‌ಪಿ ನಮೂನೆಯನ್ನು ಫೈರ್‌ಫಾಕ್ಸ್ ತೋರಿಸತೊಡಗಿದ್ದು 2019ರಲ್ಲಿ, ಸಫಾರಿ 2020ರಲ್ಲಿ. ಐಫೋನ್ 2017ರಿಂದ ಫೋಟೊಗಳನ್ನು ಉಳಿಸುತ್ತಿರುವ ಎಚ್‌ಇಐಸಿ ನಮೂನೆ 2023ರ ಸಫಾರಿಗೆ ಅರ್ಥವಾಗುತ್ತದೆ, ಕ್ರೋಮಿಗೂ ಫೈರ್‌ಫಾಕ್ಸಿಗೂ ಆಗುವುದಿಲ್ಲ. ಐಫೋನ್ ಇರುವ ಗೆಳೆಯ “ನನಗೆ ಕಾಣ್ತದಲ್ಲ” ಎಂದು ವಾದಿಸಿದರೆ ಮೊದಲು ಇದನ್ನೇ ಸಂಶಯಿಸಿ, ಚಿತ್ರವನ್ನು ಜೆಪಿಜಿಗೆ ಬದಲಿಸಿ ಹಾಕಲು ಹೇಳಿ.

ಬೇರೆ ಬ್ರೌಸರಿನಲ್ಲಿ ನೋಡಿ ಖಚಿತಪಡಿಸಿಕೊಳ್ಳುವವರು ಎಂಜಿನ್ (ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಒಳಭಾಗ) ಬೇರೆಯಿರುವ ಬ್ರೌಸರನ್ನೇ ಆರಿಸಿಕೊಳ್ಳಬೇಕು. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ ಎಲ್ಲದರ ಒಳಗಿರುವುದು ಬ್ಲಿಂಕ್ ಎಂಬ ಒಂದೇ ಎಂಜಿನ್. ಕ್ರೋಮ್ ಬಿಟ್ಟು ಎಡ್ಜಿನಲ್ಲಿ ನೋಡುವುದೆಂದರೆ ಅದೇ ಸಾರನ್ನು ಬೇರೆ ಲೋಟದಲ್ಲಿ ಕುಡಿದಂತೆ. ಫೈರ್‌ಫಾಕ್ಸಿನದು ಗೆಕೊ, ಸಫಾರಿಯದು ವೆಬ್‌ಕಿಟ್. ನಮ್ಮಲ್ಲಿ ಮಾರುವ ಐಫೋನಿನಲ್ಲಿ ಯಾವ ಬ್ರೌಸರ್ ಹಾಕಿಕೊಂಡರೂ ಒಳಗೆ ವೆಬ್‌ಕಿಟ್ಟೇ ಇರುತ್ತದೆ.

ಕೊನೆಯ ಹೆಜ್ಜೆ: ಮೂಲವೇ ಹೋಗಿದ್ದರೆ

ಎಲ್ಲ ಹೋಲಿಸಿದ ಮೇಲೂ 404 ಬರುತ್ತಿದ್ದರೆ ಚಿತ್ರ ಇಟ್ಟಿದ್ದ ತಾಣವೇ ಕಾಲವಾಗಿರಬಹುದು. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ನಮ್ಮವರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ. ಫೋಟೊಬಕೆಟ್ 2017ರಲ್ಲಿ ಬೇರೆ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿದಾಗ ಲೆಕ್ಕವಿಲ್ಲದಷ್ಟು ಹಳೆಯ ಪುಟಗಳ ಚಿತ್ರಗಳು ಒಮ್ಮೆಲೇ ಕಾಣದಾದವು. ಇಂಥಲ್ಲಿ ಹಳೆಯ ಜಾಲಪುಟಗಳ ಪ್ರತಿಗಳನ್ನು ಸಂಗ್ರಹಿಸಿಡುವ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮೆಷಿನ್‌ಗೆ ಹೋಗಿ, ಪುಟದ ವಿಳಾಸ ಕೊಟ್ಟು, ಚಿತ್ರ ಸರಿಯಿದ್ದ ಕಾಲದ ದಿನಾಂಕವನ್ನು ಆರಿಸಿ. ಪುಟ ಸಿಕ್ಕಿಯೂ ಚಿತ್ರ ಸಿಗದಿದ್ದರೆ ಚಿತ್ರದ ವಿಳಾಸವನ್ನೇ ಪ್ರತ್ಯೇಕವಾಗಿ ಕೊಟ್ಟು ನೋಡಿ, ಏಕೆಂದರೆ ಎರಡೂ ಒಂದೇ ದಿನ ಸಂಗ್ರಹವಾಗಿರಬೇಕೆಂದಿಲ್ಲ. ಎಷ್ಟೋ ಸಲ ಪುಟದಲ್ಲಿ ಕಾಣುವ ಚಿಕ್ಕ ಪ್ರತಿ ಮಾತ್ರ ಉಳಿದು, ಒತ್ತಿದಾಗ ತೆರೆಯಬೇಕಾದ ದೊಡ್ಡದು ಹೋಗಿರುತ್ತದೆ. ಹಾಗಿದ್ದರೂ ಸಿಕ್ಕಿದ ಚಿಕ್ಕದನ್ನು ಅಂದೇ ಇಳಿಸಿಕೊಂಡು, ಅದೇ ಚಿತ್ರದ ಅಚ್ಚು ಹಾಕಿಸಿದ ಪ್ರತಿ ಯಾರ ಮನೆಯ ಆಲ್ಬಮಿನಲ್ಲಾದರೂ ಇದೆಯೇ ಎಂದು ಆ ಗೆಳೆಯರ ಗುಂಪಿನಲ್ಲೇ ವಿಚಾರಿಸಿ.